ಕಮಟು ಹಿಡಿದ ಗುರೆಳ್ಳು ಪುಡಿ

ಕಮಟು ಎಣ್ಣೆಯ ವಾಸನೆ ಎಲ್ಲಿ ಬಂದರೂ ಈಗಲೂ ನನಗೆ ವಾಕರಿಕೆ ಬರುತ್ತದೆ, ಅದರ ಹಿಂದೆಯೇ ಒಂದು ಮಧ್ಯಾಹ್ನವೂ ಬರುತ್ತದೆ.

ಧಾರವಾಡದ ಕಡೆಯಿಂದ ಟಿ. ದಾಸರಹಳ್ಳಿಯ ನಮ್ಮ ಮನೆಗೆ ಬಂದಿದ್ದ ಅಜ್ಜಿ ಜ್ವರ ಬಿಟ್ಟರೂ ಮೂರು ದಿನದಿಂದ ಏನೂ ತಿಂದಿರಲಿಲ್ಲ. ರೊಟ್ಟಿಗೆ ಗುರೆಳ್ಳು ಪುಡಿ ಸಿಕ್ಕರೆ ತಿಂದೇನು ಎಂದಿದ್ದರು. ಅಪ್ಪ ಯಶವಂತಪುರದಿಂದ ಸಂಜಯನಗರದವರೆಗೆ ಅಂಗಡಿ ಅಂಗಡಿ ಅಲೆದು, ಬೆವರು ಸುರಿಸುತ್ತ ಒಂದು ಪೊಟ್ಟಣ ತಂದರು. ಬಿಚ್ಚಿದರೆ ಹಳೇ ಸೈಕಲ್ ಚೈನಿನ ನಾತ! ಚಿಟಿಕೆ ನೆಕ್ಕಿದ ನಾನು ಬಚ್ಚಲಿಗೆ ಓಡಿ ಉಗಿದು, ನಾಲಿಗೆಯನ್ನು ಅಂಗಿಗೆ ಒರೆಸಿಕೊಂಡೆ.

ಅಷ್ಟರಲ್ಲಿ ಅಜ್ಜಿ ಮೊದಲ ತುತ್ತು ಬಾಯಿಗಿಟ್ಟಿದ್ದರು.

“ಹ್ಯಾಂಗೈತವ್ವಾ?” ಎಂದರು ಅಪ್ಪ.

ಅಜ್ಜಿ ಬೆವರಿನಿಂದ ಒದ್ದೆಯಾಗಿದ್ದ ಮಗನ ಅಂಗಿ ನೋಡಿದರು. “ಭಾಳ ಛಲೋ ಐತೋ ಯಪ್ಪಾ.”

ಬೀದಿಯವರನ್ನೆಲ್ಲ ಅಣಕಿಸಿ ಭೇಷ್ ಅನ್ನಿಸಿಕೊಳ್ಳುತ್ತಿದ್ದ ಮಹಾ ಕಲಾವಿದ ನಾನು ಸುಮ್ಮನಿರುತ್ತೇನೆಯೇ? ಅಜ್ಜಿಯ ಹಾಗೇ ತುಟಿ ಸೊಟ್ಟ ಮಾಡಿ, ಕಷ್ಟಪಟ್ಟು ನುಂಗಿ, “ಭಾಳ ಛಲೋ ಐತೋ... ವ್ಯಾಕ್!” ಎಂದೆ. ಯಾರೂ ನಗಲಿಲ್ಲ. ಅಪ್ಪ ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡರು. ಅವರ ಮುಖ ಥೇಟ್ ನನ್ನ ಅಣಕದಂತೆಯೇ ಆಯಿತು. ತಟ್ಟೆ ಎತ್ತಲು ಕೈ ಚಾಚಿದರು.

ಅಜ್ಜಿ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು. “ಆ ಮಂಗ್ಯಾನ ಮಾತೇನು ಕೇಳ್ತಿ? ಇನ್ನರ್ಧ ರೊಟ್ಟಿ ಹಾಕು.”