ಗಾಜಿನ ಮೇಲಿನ ಮಗ

“ಅಣ್ಣಾ, ಈ ಫ್ಯಾಂಟಸ್ಮಗೋರಿಯ ಅಂದ್ರೆ ಏನು?” ಹರಿದ ಪರದೆ ಹೊಲಿಯಲು ಬಂದಿದ್ದ ದರ್ಜಿ ಹೆಂಗಸು, ಹೊರಗಿನ ಬೋರ್ಡಿನ ಹೆಸರಿಗೆ ನಾಲಿಗೆ ಹೊರಳಿಸುತ್ತಾ ಕೇಳಿದಳು.

“ಪರದೇಶದ ಮಾತು ಕಣಕ್ಕಾ. ಫ್ಯಾಂಟಸ್ಮ ಅಂದ್ರೆ ಭೂತ. ಮಿಕ್ಕ ಬಾಲದ ಅರ್ಥಕ್ಕೆ ಪಂಡಿತರೇ ಕಿತ್ತಾಡ್ತಾರೆ. ನಾನಂತೂ ಭೂತಗಳೆಲ್ಲ ಸೇರೋ ಸಂತೆ ಅಂತೀನಿ,” ಎಂದ ಲಾಂದ್ರದಾಟದವನು. ಗಾಜಿನ ಮೇಲೆ ಬರೆದ ಚಿತ್ರಗಳನ್ನು ದೀಪ ಹಚ್ಚಿ ಪರದೆಗೆ ಬಿಟ್ಟು, ಜನರನ್ನು ಹೆದರಿಸುವುದೇ ಅವನ ಕಸುಬು.

“ಇಲಿ ಕಂಡ್ರೆ ಮಂಚ ಹತ್ತೋರು, ಭೂತದ ಸಂತೆ ನಡೆಸ್ತಾರಂತೆ!” ಟಿಕೆಟ್ ಕಿಟಕಿಯಿಂದ ಹೆಂಡತಿ ಕಿಚಾಯಿಸಿದಳು.

ದರ್ಜಿ ನಗಲಿಲ್ಲ. ಚೀಲದಿಂದ ಪುಟ್ಟ ಹುಡುಗನ ಫೋಟೋ ತೆಗೆದಳು. “ನನ್ನ ಮಗ. ಜ್ವರ ಬಂದು ಹೋಗ್ಬಿಟ್ಟ. ಇದ್ದಿದ್ರೆ ಈಗ ಮೀಸೆ ಬರ್ತಿತ್ತು. ದೊಡ್ಡವನಾಗಿ ಹೇಗಿರ್ತಿದ್ದ ಅಂತ ಒಂದ್ಸಲ ನೋಡ್ಬೇಕು. ಸಂತೆ ಅಂದ್ಮೇಲೆ ಇವನನ್ನೂ ಕರೀರಿ ಅಣ್ಣಾ.”

“ಅಕ್ಕಾ, ಇದೆಲ್ಲ ಬರೀ ಕಣ್ಕಟ್ಟು.”

“ಗೊತ್ತು. ಕಣ್ಕಟ್ಟೇ ಸಾಕು.”

ಮರುದಿನ ಆಟಕ್ಕೆ ಮುಂಚೆ, ಖಾಲಿ ಹಾಲ್‌ನ ಕಿಟಕಿಗಳಿಗೆಲ್ಲ ಕರಿಬಟ್ಟೆ ಇಳಿಬಿಟ್ಟು, ಅವನು ಪರದೆಯ ಹಿಂದೆ ದೀಪ ಹಚ್ಚಿದ. ಫೋಟೋ ನೋಡಿ ಗಾಜಿನ ಮೇಲೆ ಅವನೇ ಬರೆದ ಹುಡುಗ ಪರದೆಯಲ್ಲಿ ಮೂಡಿದ, ತಾಯಿಯ ಸೊಂಟದೆತ್ತರಕ್ಕೆ. ಅವಳು ಪಕ್ಕದಲ್ಲೇ ಹೋಗಿ ನಿಂತಳು. ಎಲ್ಲಿಂದಲೋ ಗಾಳಿ ಬಂದು ಪರದೆ ತೂಗಿತು. ಹುಡುಗ ಉಸಿರಾಡಿದ ಹಾಗಾಯಿತು.

“ಈಗ ಬೆಳೆಸಿ,” ಎಂದಳು.

ಗಾಲಿಯ ಮೇಲಿನ ಲಾಂದ್ರವನ್ನು ಹಿಂದಕ್ಕೆ ಎಳೆದಷ್ಟೂ ಚಿತ್ರ ದೊಡ್ಡದಾಗುತ್ತದೆ. ದಿನಾ ಭೂತಗಳು ಹೀಗೆ ಬೆಳೆದಾಗ ಜನ ಚೀರುತ್ತಿದ್ದರು. ಇವತ್ತು ಅವನು ಮೆಲ್ಲಗೆ, ತೊಟ್ಟಿಲು ಜರುಗಿಸಿದಂತೆ ಎಳೆದ. ಹುಡುಗ ಅವಳ ಎದೆಯೆತ್ತರ ಬಂದ, ಭುಜದೆತ್ತರ ಬಂದ.

“ಇನ್ನೂ ಸ್ವಲ್ಪ... ಇನ್ನೂ... ಅಯ್ಯೋ ಕಳ್ಳಾ, ನನ್ನನ್ನೇ ಮೀರಿಬಿಟ್ಯಲ್ಲೋ! ಥೇಟ್ ನಿಮ್ಮಪ್ಪನ ಹಾಗೇ ಉದ್ದ!” ಅವಳು ನಗುತ್ತಿದ್ದಳು, ಅಳುತ್ತಿದ್ದಳು. ಕತ್ತಲಲ್ಲಿ ಆಟದವನ ಹೆಂಡತಿಗೂ ದುಃಖ ತಡೆಯಲಾಗಲಿಲ್ಲ.

ಹೊರಗೆ ಜನ ಸೇರುತ್ತಿದ್ದರು. ಆಟದವನು ಲಾಂದ್ರವನ್ನು ಮತ್ತೆ ಅದರ ಜಾಗಕ್ಕೆ ತಳ್ಳತೊಡಗಿದ. ಹುಡುಗ ತುಸು ಕುಗ್ಗಿದ.

“ಬೇಡ ಅಣ್ಣಾ, ಬೇಡ!” ಅವಳು ಕೂಗಿಕೊಂಡಳು. “ಮತ್ತೆ ಚಿಕ್ಕವನನ್ನ ಮಾಡ್ಬೇಡಿ. ಹೀಗೇ ದೀಪ ಆರಿಸಿಬಿಡಿ. ಈ ಸಲ ದೊಡ್ಡವನಾಗೇ ಹೋಗ್ಲಿ.”