ಹೆಸರಿಲ್ಲದ ಚೀಟಿ

"ಕಂಡದ್ದರಿಂದ ಕಾಣದ್ದನ್ನ ತಿಳ್ಕೊಳ್ಳೋದೇ ವಿಜ್ಞಾನ. ದೇವರನ್ನ ತಿಳ್ಕೊಳ್ಳೋದೂ ಹಾಗೇನೇ," ಎಂದು ಮಿಷನ್ ಹೈಸ್ಕೂಲಿನ ವಿಜ್ಞಾನದ ಟೀಚರ್ ಸುಕೃತಾ ಯಾವಾಗಲೂ ಹೇಳುತ್ತಿದ್ದರು. ಪಾಠಕ್ಕೆ ಮುಂಚೆ, ಮಕ್ಕಳು ಕೋರಿಕೆ ಬರೆದು ಹಾಕುವ ಡಬ್ಬಿಯಿಂದ ಹೆಸರಿಲ್ಲದ ಚೀಟಿಯೊಂದನ್ನು ತೆಗೆದು ಓದಿ, ಅದನ್ನು ಬರೆದವರಿಗಾಗಿ ಎಲ್ಲರೂ ಪ್ರಾರ್ಥಿಸುವುದು ಅವರ ತರಗತಿಯ ರೂಢಿ.

ಅಂದು ಓದುವಾಗ ಅವರ ದನಿ ಕುಗ್ಗಿತು: "ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ನನಗಾಗಿ ಪ್ರಾರ್ಥಿಸಿ."

"ಅಯ್ಯೋ ಪಾಪ, ಯಾರು ಮಿಸ್ ಅದು?"

"ನಿಮ್ಮಲ್ಲೇ ಯಾರೋ. ಹಾಗೆಲ್ಲ ಕೇಳಬಾರದು."

ಚೀಟಿಯನ್ನು ಮೇಜಿನ ಮೇಲಿಟ್ಟು ಅವರು ಕಣ್ಣು ಮುಚ್ಚಿದರು. ಮುಂದಿನ ಬೆಂಚಿನ ಪ್ರಿಸಿಲ್ಲಾ ಚೀಟಿಯನ್ನೊಮ್ಮೆ, ಪಕ್ಕದಲ್ಲಿದ್ದ ತಿದ್ದಿದ ಉತ್ತರಪತ್ರಿಕೆಗಳನ್ನೊಮ್ಮೆ ನೋಡಿ, ಕೈ ಜೋಡಿಸಿ ಎದ್ದು ನಿಂತಳು.

"ಕರ್ತನೇ, ಕೆಂಪು ಇಂಕಲ್ಲಿ ಬರೆಯೋ ನಮ್ಮ ಮಿಸ್ ಮನೆಗೆ ಯಾರನ್ನಾದ್ರೂ ಕಳಿಸಪ್ಪಾ."