ಚೀಲದವನಿಗೆ ಕೊಟ್ಟ ಬೆಲ್ಲ

ಬಂದರಿನ ನಮ್ಮ ಹಳೇ ಬೀದಿಯ ಮನೆಯಲ್ಲಿ ಈಗ ಮೊಮ್ಮಗಳು ಬೆನ್ನಿಗೆ ಚೀಲ ಹಾಕಿಕೊಂಡು ಬರುವ ಪರದೇಶದವರಿಗೆ ಕೋಣೆ ಕೊಡುತ್ತಾಳೆ. ಅವರಿಗೆಂದು ಅವಳು ಬೆಲ್ಲ ಒಡೆಯುವ ಪರಿಮಳ ಬಂದರೆ ಸಾಕು, ನನಗೆ ನನ್ನ ಅಜ್ಜಿ ನೆನಪಾಗುತ್ತಾರೆ.

ನಾನು ಚಿಕ್ಕವಳಿದ್ದಾಗ ಅಂಥವನೊಬ್ಬ ಮೊದಲ ಸಲ ಬಂದ ಮಧ್ಯಾಹ್ನ, ಅಜ್ಜಿ ನನ್ನನ್ನು ಸೆರಗಿನ ಹಿಂದೆ ಎಳೆದುಕೊಂಡರು. "ಅಷ್ಟು ದೊಡ್ಡ ಚೀಲ ಎಂತಕ್ಕೆ? ಮಕ್ಕಳನ್ನು ತುಂಬಿಸ್ಲಿಕ್ಕೆ!"

ಆದರೂ ಜಗಲಿ ಹತ್ತಿದವನಿಗೆ ಬೆಲ್ಲ, ನೀರು ಕೊಡದೆ ಇರಲಾದೀತೇ? ಕೊಟ್ಟರು. ಅವನು ಬೆಲ್ಲವನ್ನು ಸಾಬೂನೆಂದು ತಿಳಿದು ಕೈಗೆ ಉಜ್ಜಿಕೊಂಡ.

"ಅಯ್ಯೋ, ತಿನ್ಲಿಕ್ಕೆ ಮಾರಾಯಾ!" ಎಂದು ಅಜ್ಜಿ ಒಂದು ತುಂಡನ್ನು ತಮ್ಮ ಬಾಯಿಗೆ ಹಾಕಿ ತೋರಿಸಿದರು. ಅವನೂ ತಿಂದ, ನಕ್ಕ, ಚೀಲ ಬದಿಗಿಟ್ಟು ಅಲ್ಲೇ ನಿದ್ದೆ ಹೋದ.

ಅವನು ಏಳುವವರೆಗೂ ಅಜ್ಜಿ ಆ ಚೀಲದ ಪಕ್ಕದಿಂದ ಕದಲಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಪಿಸುಗುಟ್ಟಿದರು: "ನಮ್ಮ ಬೀದಿಯವರನ್ನು ನಂಬ್ಲಿಕ್ಕೆ ಆಗುದಿಲ್ಲ ಮಗಾ."